ಕ್ರಾಪು ಮೀನು

ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಇದು ನಮ್ಮ ಕಡೆಯ ಕಾನೂನು. ನಾರ್ತ್ ಕ್ಯಾರೋಲಿನಾದಲ್ಲಿ ಹುಟ್ಟಿದ ನನ್ನ ಒಂಬತ್ತು ವರ್ಷದ ಮಗಳಿಗೆ ಅದು ಗೊತ್ತಿರಲಿಲ್ಲ. ಹೋದ ವರ್ಷ ಏಪ್ರಿಲ್ ಮೊದಲ ಶನಿವಾರ, ಬೆಳಗಿನ ಜಾವ ಐದೂವರೆ ಗಂಟೆ. ನಾನೂ ಅಪ್ಪಯ್ಯನೂ ಗ್ಯಾರೇಜಿನಲ್ಲಿ ಪಿಸುಗುಡುತ್ತ ಬಕೆಟ್ಟು, ಗಾಳದ ಕೋಲು, ಫ್ಲಾಸ್ಕು ಎತ್ತಿಡುತ್ತಿದ್ದೆವು. ಅವಳು ಕಣ್ಣುಜ್ಜುತ್ತ ಬಾಗಿಲಲ್ಲಿ ನಿಂತು, “ಅಜ್ಜ, ಎಲ್ಲಿಗೆ ಹೋಗ್ತಿದೀರ?” ಅಂದುಬಿಟ್ಟಳು.

ಅಪ್ಪಯ್ಯ ಕೈಯಲ್ಲಿದ್ದ ಬಕೆಟ್ಟನ್ನು ನೆಲಕ್ಕಿಟ್ಟರು. ಅವಳಿಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಸೋಫಾದ ತುದಿಯಲ್ಲಿ ಎರಡು ನಿಮಿಷ ಸುಮ್ಮನೆ ಕೂತು, ಹೊಸದಾಗಿ ಹೊರಟರು. “ಈಗ ಸರಿಯಾಯ್ತು. ನಡಿ.”

ತಲೆಗೆ ಮಫ್ಲರು, ನನ್ನ ಹಳೇ ಜಾಕೆಟ್ಟು, ಕಾಲಿಗೆ ಸಾಗರದ ಪೇಟೆಯಲ್ಲಿ ಕೊಂಡ ಹವಾಯಿ ಚಪ್ಪಲಿ. ಶೂ ಹಾಕಿಕೊಳ್ಳಿ ಎಂದರೆ, “ಮೀನಿಗೆ ಹೋಗೋದಾ ಮದುವೆಗೆ ಹೋಗೋದಾ?” ಎಂದರು. ಜೇಬಿನಲ್ಲಿ ಎಲೆಯಡಿಕೆ ಸಂಚಿ ಇದೆ ಅಂತ ಅದರ ಉಬ್ಬು ನೋಡಿಯೇ ಗೊತ್ತಾಗುತ್ತಿತ್ತು.

ನಾವು ಹೊರಟಿದ್ದು ಜೋರ್ಡನ್ ಲೇಕಿಗೆ. ಏಪೆಕ್ಸಿನ ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಈ ಕಡೆ ಇರುವ ಕನ್ನಡದವರಿಗೆಲ್ಲ ಆ ಕೆರೆ ಗೊತ್ತು. ಬೇಸಿಗೆಯಲ್ಲಿ ಪಿಕ್ನಿಕ್ಕಿಗೆ ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಮಕ್ಕಳನ್ನು ನೀರಿಗೆ ಬಿಟ್ಟು, ಮರದ ಕೆಳಗೆ ಅಂತ್ಯಾಕ್ಷರಿ ಆಡಿ ಬರುವ ಜಾಗ ಅದು. ಕೇರಿ, ಏಪೆಕ್ಸ್ ಊರುಗಳ ನಲ್ಲಿಯಲ್ಲಿ ಬರುವುದೂ ಅದೇ ನೀರು. ಹನ್ನೊಂದು ವರ್ಷ ನಾನೂ ಹಾಗೇ ಹೋಗಿ ಬಂದವನು. ಆ ಹನ್ನೊಂದು ವರ್ಷದಲ್ಲಿ ನಾನು ನೋಡಿದ್ದು ನೀರಿನ ಮೇಲ್ಮೈಯನ್ನು ಮಾತ್ರ ಅಂತ ತಿಳಿದದ್ದು ನಮ್ಮ ಬೀದಿಯ ಮೂಲೆಮನೆಯ ಮುದುಕರ ಸಹವಾಸ ಬಿದ್ದ ಮೇಲೆ.

ಅವರಿಗೆ ಎಂಬತ್ತರ ಹತ್ತಿರ. ನಿವೃತ್ತ ಮೆಕ್ಯಾನಿಕ್ಕು, ಒಂಟಿ, ಮಿತಭಾಷಿ. ಒಂದು ಸಂಜೆ ಅವರ ಮನೆಯ ಮುಂದೆ ಹದಿನಾರು ಅಡಿಯ ಅಲ್ಯುಮಿನಿಯಂ ಜಾನ್ ಬೋಟಿನ, ಅಂದರೆ ಚಪ್ಪಟೆ ತಳದ ದೋಣಿಯ ಟ್ರೈಲರು ಪಂಚರ್ ಆಗಿ ನಿಂತಿತ್ತು. ಕೈ ಹಾಕಿದೆ. ಮಾರನೆಯ ದಿನ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಚೀಲ ಬಂತು. ಅದರಲ್ಲಿ ಎಂಟು ಬಿಳೀ ಫಿಲೆಟ್ಟುಗಳು. ಯಾವ ಮೀನು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು “ಕ್ರಾಪಿ” ಅಂತ. ಮನೆಗೆ ಬಂದು ಹುಡುಕಿ ಆ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನನಗೆ ನಗು. ಅದನ್ನು ಬರೆದ ಹಾಗೆ ಓದಿದರೆ ಒಂದು ಬೈಗುಳಕ್ಕೆ ಈಕಾರ ಅಂಟಿಸಿದ ಹಾಗೆ ಕೇಳುತ್ತದೆ. ಹಾಗೆ ಓದುವವರೂ ಇಲ್ಲಿ ಸಾಕಷ್ಟು ಜನ ಇದ್ದಾರೆನ್ನಿ. ಹೆಸರು ಹೀಗಾದರೂ ಮೀನು ಮಾತ್ರ ರುಚಿ. ಮುಳ್ಳಿನ ಕಾಟ ಕಡಿಮೆ, ಕೆಸರಿನ ವಾಸನೆ ಇಲ್ಲ, ಬಾಯಲ್ಲಿಟ್ಟರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಲೂಯಿಸಿಯಾನಾದ ಫ್ರೆಂಚ್ ಮೂಲದವರು ಇದನ್ನು ‘ಸಾಕ್-ಅ-ಲೇ’ ಅನ್ನುತ್ತಾರೆ, ಹಾಲಿನ ಚೀಲ ಅಂತ ಅರ್ಥ. ಆ ಹೆಸರೇ ಎಲ್ಲ ಕಡೆ ನಿಂತಿದ್ದರೆ ಚೆನ್ನಾಗಿತ್ತು.

ಆಮೇಲೆ ಮೂರು ವಸಂತ ಅವರ ದೋಣಿಯಲ್ಲಿ ಕೂತಿದ್ದೇನೆ. ಮೊದಲ ವರ್ಷ ಬರೀ ಗಂಟು ಬಿಡಿಸಿದ್ದು.

ಊರಿನಿಂದ ಬಂದ ಅಪ್ಪಯ್ಯನಿಗೆ ನಾನು ಹತ್ತು ದಿನದ ಮೀನು ಲೈಸೆನ್ಸು ಮಾಡಿಸಿದ್ದೆ. ಹೊರಗಿನವರಿಗೆ ಇಲ್ಲಿ ಹಾಗೊಂದು ಉಂಟು. ತಮ್ಮ ಹೆಸರಿದ್ದ ಆ ಕಾಗದವನ್ನು ಅವರು ತಿರುಗಿಸಿ ಮುರುಗಿಸಿ ನೋಡಿದರು. “ಗಾಳ ಹಾಕೋಕೂ ಹಕ್ಕುಪತ್ರನಾ?” ನಾನು ನಕ್ಕೆ. ಅವರು ನಗಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು. ಹಕ್ಕುಪತ್ರ ಅನ್ನುವ ಮಾತು ಅವರ ಬಾಯಲ್ಲಿ ಯಾಕೆ ಅಷ್ಟು ಭಾರ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಫ್ಯಾರಿಂಗ್ಟನ್ ಸೇತುವೆಯ ಹತ್ತಿರದ ರ‍್ಯಾಂಪಿಗೆ ಬಂದಾಗ ಆರೂಕಾಲು. ಇನ್ನೂ ಕತ್ತಲೆ. ಏಪ್ರಿಲ್ ಮೊದಲಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮೊದಲು. ಮುದುಕರು ದೋಣಿ ಇಳಿಸಿಕೊಂಡು ಕಾಯುತ್ತಿದ್ದರು. ಟಾರ್ಚಿನ ಬೆಳಕಿನಲ್ಲಿ ನೀರು ಅರಿಸಿನ ಕದಡಿದ ಹಾಗೆ ಕಂಡಿತು. ಅಪ್ಪಯ್ಯ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಅದು ಪೈನ್ ಮರಗಳ ಪರಾಗ. ಮಾರ್ಚ್ ಕೊನೆಯಿಂದ ಮೂರ್ನಾಲ್ಕು ವಾರ ಇಡೀ ಸೀಮೆಯ ಮೇಲೆ ಹಳದಿ ಹಿಟ್ಟು ಉದುರುತ್ತದೆ. ಕಾರು, ಕಿಟಕಿ, ನಾಯಿ, ಕೆರೆ ಒಂದನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಮೂವರಿಗೂ ಆ ದಿನಗಳಲ್ಲಿ ಸೀನು. ಪರಾಗದ ಕೆನೆಯನ್ನು ಸೀಳಿಕೊಂಡು ದೋಣಿ ಹೊರಟಿತು. ಹಿಂದೆ ಕಪ್ಪು ಗೆರೆ, ಎರಡೂ ಕಡೆ ಹಳದಿ.

ಮುದುಕರೂ ಅಪ್ಪಯ್ಯನೂ ಕೈ ಕುಲುಕಿ, ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಆದರೆ ಐದೇ ನಿಮಿಷಕ್ಕೆ ಇಬ್ಬರೂ ಸಮಾನಧರ್ಮಿಗಳು ಅಂತ ಗೊತ್ತಾಯಿತು. ಅವರು ಕೆಳದುಟಿಯ ಒಳಗೆ ಹೊಗೆಸೊಪ್ಪಿನ ಪುಡಿ ಇಟ್ಟುಕೊಂಡು ಖಾಲಿ ಬಾಟಲಿಗೆ ಉಗುಳುವವರು. ಇವರು ಕವಳದವರು. ಅವರು ಇನ್ನೊಂದು ಖಾಲಿ ಬಾಟಲಿ ಹುಡುಕಿ ಇವರಿಗೆ ಕೊಟ್ಟರು. ನಾನು ನಡುವೆ ಕೂತು ಎರಡು ಬಾಟಲಿಯ ಕಡೆಗೂ ನೋಡದೆ ಗಾಳ ಕಟ್ಟಿದೆ.

ಕ್ರಾಪಿ ಹಿಡಿಯುವ ಕಾಲ ವಸಂತ. ವರ್ಷವಿಡೀ ಸಿಗುತ್ತವೆ, ಆದರೆ ಚಳಿಗಾಲವಿಡೀ ಆಳದಲ್ಲಿ ಗುಂಪುಗಟ್ಟಿ ತೂಗಾಡುವ ಮೀನು ನೀರು ಬಿಸಿಯಾಗುತ್ತ ಬಂದ ಹಾಗೆ ಮೊಟ್ಟೆಯಿಡಲು ತೆಳುನೀರಿನ ಕಡೆ ಹೊರಡುತ್ತದೆ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಬೇಕು, ನಮ್ಮ ಲೆಕ್ಕದಲ್ಲಿ ಹದಿನಾರು ಡಿಗ್ರಿಯ ಹತ್ತಿರ. ಥರ್ಮಾಮೀಟರು ಇಲ್ಲದ ಕಾಲದ ಲೆಕ್ಕವೂ ಒಂದಿದೆ. ಡಾಗ್‌ವುಡ್ ಮರ ಹೂಬಿಟ್ಟು ಬಿಳಿಯಾದರೆ ಕ್ರಾಪಿ ದಡಕ್ಕೆ ಬಂತು ಅಂತ. ಇದನ್ನು ನಾನು ಅಪ್ಪಯ್ಯನಿಗೆ ಹೇಳಿದಾಗ ಅವರು ತಲೆಯಾಡಿಸಿದರು, ಅದರಲ್ಲೇನು ವಿಶೇಷ ಅನ್ನುವ ಹಾಗೆ. ಮೃಗಶಿರ ಮಳೆ ಹಿಡಿದರೆ ಹತ್ತುಮೀನು ಅನ್ನುವುದು ಅವರಿಗೆ ಗಾಯತ್ರಿ ಮಂತ್ರ ಇದ್ದ ಹಾಗೆ. ಮೊದಲ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ಹಳ್ಳದಿಂದ ಗದ್ದೆಯ ಹೊಸನೀರಿಗೆ ಮೊಟ್ಟೆಯಿಡಲು ಬರುತ್ತದೆ. ಬರುವ ದಾರಿಗೆ ಮೀನು ಹಿಡಿಯುವ ಕೂಣಿ ಒಡ್ಡುತ್ತಾರೆ. ರಾತ್ರಿ ಗ್ಯಾಸ್‌ಲೈಟು ಹಿಡಿದು ಕತ್ತಿಯಲ್ಲಿ ಕಡಿಯುವವರೂ ಉಂಟು. ಬಸುರಿಯನ್ನು ದಾರಿಯಲ್ಲಿ ಅಡ್ಡಗಟ್ಟುವ ಈ ಕೆಲಸ ಸರಿಯೇ ಎಂದು ನನ್ನ ಹೆಂಡತಿ ಕೇಳುವುದುಂಟು. ಒಂದು ಕ್ರಾಪಿ ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ ಅಂತ ನಾನು ಲೆಕ್ಕ ಕೊಡುತ್ತೇನೆ. ಅದು ಪ್ರಶ್ನೆಗೆ ಉತ್ತರವಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ಆವತ್ತು ನೀರು 58 ಡಿಗ್ರಿ. ಎರಡು ಡಿಗ್ರಿ ಕಡಿಮೆ. ಅಂದರೆ ಮೀನು ಇನ್ನೂ ದಡಕ್ಕೆ ಬಂದಿಲ್ಲ, ಆಳವನ್ನೂ ಬಿಟ್ಟಿದೆ. ನಡುದಾರಿಯಲ್ಲಿ ಎಲ್ಲೋ ಕಾಯುತ್ತಿದೆ. ಆ ನಡುದಾರಿ ಯಾವುದು?

ಇಲ್ಲಿಂದಲೇ ಈ ಮೀನುಗಾರಿಕೆಯ ನಿಜವಾದ ವಿದ್ಯೆ ಶುರುವಾಗುವುದು. ನೀರಿನ ಮೇಲಿಂದ ನೋಡಿದರೆ ಸುಮಾರು 14,000 ಎಕರೆಯೂ ಒಂದೇ ತರ. ಆದರೆ ಇದು ದೇವರು ಮಾಡಿದ ಕೆರೆಯಲ್ಲ. 1945ರ ಸೆಪ್ಟೆಂಬರಿನಲ್ಲಿ ಚಂಡಮಾರುತದ ಮಳೆಗೆ ಕೇಪ್ ಫಿಯರ್ ನದಿ ಉಕ್ಕಿ ಕೆಳಗಿನ ಫಯೆಟ್‌ವಿಲ್ ಊರನ್ನು ಮುಳುಗಿಸಿತು. ಪ್ರವಾಹ ತಡೆಯಲು ಅಣೆಕಟ್ಟು ಬೇಕು ಅಂತ ಆಯಿತು. 1963ರಲ್ಲಿ ಅಮೆರಿಕದ ಸಂಸತ್ತು ಒಪ್ಪಿತು, 1967ರಲ್ಲಿ ಸೈನ್ಯದ ಎಂಜಿನಿಯರುಗಳು ಕೆಲಸ ಹಿಡಿದರು. ಕಟ್ಟೆ ಎದ್ದ ಮೇಲೂ ನೀರಿನ ಶುದ್ಧತೆಯ ತಕರಾರು, ಕೋರ್ಟು ಅಂತ ವರ್ಷಗಟ್ಟಲೆ ಕಣಿವೆ ಒಣಗಿಯೇ ನಿಂತಿತ್ತು. ಕೊನೆಗೆ 1981ರಲ್ಲಿ ನೀರು ನಿಲ್ಲಿಸಲು ಶುರುಮಾಡಿ 1982ರ ಹೊತ್ತಿಗೆ ತುಂಬಿಸಿದರು. ಅದಕ್ಕೂ ಮೊದಲು ಅದು ನ್ಯೂ ಹೋಪ್ ಕಣಿವೆ. ಹೊಗೆಸೊಪ್ಪಿನ ಹೊಲ, ಜೋಳದ ಹೊಲ, ಮಣ್ಣಿನ ರಸ್ತೆ, ಬೇಲಿ, ಬಾವಿ.

ಮೀನು ಈಗಲೂ ಆ ಹಳೆಯ ನೆಲದ ಲೆಕ್ಕದಲ್ಲೇ ಬದುಕುತ್ತದೆ. ನೀರಿನಡಿಯಲ್ಲಿ ನ್ಯೂ ಹೋಪ್ ಹಳ್ಳದ ಪಾತ್ರ ಹಾಗೇ ಇದೆ. ಕ್ರಾಪಿ ಚಳಿಗಾಲ ಕಳೆಯುವುದು ಅದರ ಗುಂಡಿಗಳಲ್ಲಿ. ವಸಂತದಲ್ಲಿ ದಡಕ್ಕೆ ಹೊರಟಾಗ ಹಿಡಿಯುವುದು ಆ ದೊಡ್ಡ ಹಳ್ಳಕ್ಕೆ ಸೇರುತ್ತಿದ್ದ ಸಣ್ಣ ತೋಡುಗಳನ್ನು. ಮುಳುಗಿದ ರಸ್ತೆಯ ಅಂಚು, ಕೊಳೆಯದೆ ಉಳಿದ ಬೊಡ್ಡೆ, ಹೊಲದ ಬದು, ಇವೆಲ್ಲ ಅದರ ತಂಗುದಾಣ. ಹೊಸ ದೋಣಿ, ಹೊಸ ಗಾಳ ಇಟ್ಟುಕೊಂಡವರು ದಿನವಿಡೀ ಸುತ್ತಿ ಬರಿಗೈಲಿ ಹೋಗುತ್ತಾರೆ. ಮುದುಕರು ನೇರ ಹೋಗಿ ನಿಲ್ಲುತ್ತಾರೆ. ಅವರ ಸೋದರಮಾವನ ಹೊಗೆಸೊಪ್ಪಿನ ಹೊಲ ಇಲ್ಲಿತ್ತು. ಹುಡುಗನಾಗಿ ಅವರು ಅದರಲ್ಲಿ ಎಲೆ ಕಿತ್ತಿದ್ದಾರೆ.

ದೋಣಿಯ ಮುಂಭಾಗದಲ್ಲಿ ಅಂಗೈಯಗಲದ ಒಂದು ಸೋನಾರು ಇದೆ. ನೀರಿಗೆ ಶಬ್ದ ಕಳಿಸಿ, ತಿರುಗಿ ಬಂದದ್ದರಿಂದ ತಳವನ್ನು ಗೀಚಿ ತೋರಿಸುತ್ತದೆ. ಮುದುಕರಿಗೆ ಅದರ ಅಗತ್ಯ ಅಷ್ಟಿಲ್ಲ, ನನಗಿದೆ. ಈಗೀಗ ಮುಂದಕ್ಕೆ ಚಾಚಿ ಒಂದೊಂದು ಮೀನನ್ನೂ ಸಿನಿಮಾದ ಹಾಗೆ ತೋರಿಸುವ ಸೋನಾರು ಬಂದಿದೆ. ಮೀನು ನಿಂತಿರುವುದನ್ನು ನೋಡಿ ಅದರ ಮೂತಿಗೇ ಗಾಳ ಇಳಿಸುತ್ತಾರೆ. ಅದು ನನಗೆ ಸೇರುವುದಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದ ಹಾಗೆ. ತಳ ತೋರಿಸುವ ಈ ಸಣ್ಣದು ಮಾತ್ರ ಪರವಾಗಿಲ್ಲ ಅನ್ನುವುದು ಬಹುಶಃ ನನ್ನ ಅನುಕೂಲಶಾಸ್ತ್ರ.

ಅಪ್ಪಯ್ಯ ಆ ಪರದೆಯ ಮುಂದೆ ಕೂತಿದ್ದರು. ಮೊದಮೊದಲು ಅದನ್ನು ಟಿವಿ ಅಂದುಕೊಂಡು ಉದಾಸೀನ ಮಾಡಿದ್ದರು. ದೋಣಿ ನಿಧಾನ ಸಾಗುತ್ತಿತ್ತು. ತಳದ ಗೆರೆ ಸಮನಾಗಿ ಬಂತು, ಬಂತು, ಸ್ವಲ್ಪ ಎದ್ದು ಮತ್ತೆ ಇಳಿಯಿತು, ಮತ್ತೆ ಸಮ. ಅವರು ಕವಳ ಅಗಿಯುವುದನ್ನು ನಿಲ್ಲಿಸಿದರು.

“ಇದು ಬದು,” ಎಂದರು.

ನಾನು ಏನು ಅಂದೆ.

“ಗದ್ದೆ ಬದು ಮಾರಾಯ. ಇತ್ಲಾಗಿ ಒಂದು ಹೊಲ, ಅತ್ಲಾಗಿ ಒಂದು. ಇದು ಮೇಲಿಂದು, ಅದು ಕೆಳಗಿಂದು. ನೋಡು, ಒಂದು ಮೊಳ ತಗ್ಗು.”

ನಾನು ಪರದೆಯ ಅಂಕಿ ನೋಡಿದೆ. ಬದುವಿನ ಈಚೆ ಒಂಬತ್ತು ಅಡಿ, ಆಚೆ ಹತ್ತೂವರೆ. ಮುದುಕರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೋಟಾರು ಬಂದ್ ಮಾಡಿ ಹಿಂತಿರುಗಿ ಅಪ್ಪಯ್ಯನನ್ನು ನೋಡಿದರು. ಆಮೇಲೆ ದಡದ ಒಂದು ಮರ, ಸೇತುವೆಯ ಒಂದು ಕಂಬ ಎರಡನ್ನೂ ಕಣ್ಣಲ್ಲೇ ಅಳೆದು, ಹೌದು, ಇಲ್ಲೊಂದು ಬೇಲಿಸಾಲು ಇತ್ತು, ಆಚೆಯದು ಬೇರೆಯವರ ಹೊಲ ಎಂದರು.

ಅಲ್ಲಿಂದ ಮುಂದೆ ಅಪ್ಪಯ್ಯ ಪರದೆ ಬಿಟ್ಟು ಕದಲಲಿಲ್ಲ. ಬೆರಳಿಟ್ಟು ಓದುತ್ತ ಹೋದರು. ಇದು ತೋಡು. ಇದು ಹಳ್ಳ, ಬಲಗಡೆ ದಂಡೆ ಕಡಿದು, ಎಡಗಡೆ ಇಳಿಜಾರು, ಅಂದರೆ ಹೊಳೆ ಇಲ್ಲಿ ತಿರುಗುತ್ತದೆ. ಇದು ಗಟ್ಟಿ ನೆಲ, ರಸ್ತೆಯೇ ಇರಬೇಕು. (ರಸ್ತೆಯೇ. ಗಟ್ಟಿ ತಳದಿಂದ ಶಬ್ದ ಜೋರಾಗಿ ತಿರುಗುವುದರಿಂದ ಗೆರೆ ದಪ್ಪಗೆ, ಬೆಳ್ಳಗೆ ಬರುತ್ತದೆ. ಇದನ್ನು ತಿಳಿಯಲು ನನಗೆ ಒಂದು ವರ್ಷ ಹಿಡಿದಿತ್ತು.) ಮುದುಕರು ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. “ಟೊಬ್ಯಾಕೋ,” ಎಂದು ನೀರಿಗೆ ಕೈ ತೋರಿಸಿದರು. “ತಂಬಾಕು,” ಎಂದು ಅಪ್ಪಯ್ಯ ಒಪ್ಪಿದರು. ಭಾಷಾಂತರಕಾರನಿಗೆ ಕೆಲಸವೇ ಉಳಿಯಲಿಲ್ಲ.

ನನ್ನ ಅಪ್ಪ ಹುಟ್ಟಿದ ಊರು ಶರಾವತಿಯ ಕಣಿವೆಯಲ್ಲಿ, ಮಡೆನೂರಿನ ಆಸುಪಾಸು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಪ್ಪಯ್ಯನಿಗೆ ಆಗ ಹನ್ನೆರಡು. ಸಾವಿರಾರು ಮನೆಗಳ ಹಾಗೆ ನಮ್ಮದೂ ಎದ್ದಿತು. ಲಾರಿಯಲ್ಲಿ ಹೇರಿಸಿ ಶಿವಮೊಗ್ಗದ ಕಡೆಯ ಕಾಡಿಗೆ ಬಿಟ್ಟರು. ಕಾಡು ಕಡಿದು ಗದ್ದೆ ಮಾಡಿದರು, ಆ ಗದ್ದೆಯ ಹಕ್ಕುಪತ್ರಕ್ಕೆ ಅಜ್ಜ ಅಲೆದರು, ಅಜ್ಜನ ಮೇಲೆ ಅಪ್ಪ ಅಲೆದರು. ನಾಡಿಗೆಲ್ಲ ಬೆಳಕು ಕೊಟ್ಟವರ ಮನೆಯಲ್ಲಿ ಚಿಮಣಿ ಬುಡ್ಡಿ ಅನ್ನುವ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ನಾನು ಅದನ್ನು ಕೇಳಿ ಕೇಳಿ ಬೇಸತ್ತವನು. ಅಪ್ಪಯ್ಯ ಮಾತ್ರ ಆ ಮಾತನ್ನು ಎಂದೂ ಆಡಿದವರಲ್ಲ. ಮುಳುಗಡೆಯ ಬಗ್ಗೆ ಅವರು ಮಾತಾಡುವುದೇ ಇಲ್ಲ. ಮಳೆಗಾಲದಲ್ಲಿ ಪೇಪರು ಬಂದ ಕೂಡಲೇ ಡ್ಯಾಮಿನ ಮಟ್ಟ ನೋಡುತ್ತಾರೆ, ಅಷ್ಟೆ. ಲಿಂಗನಮಕ್ಕಿಯ ಭರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಶಿವಮೊಗ್ಗ ಜಿಲ್ಲೆಯಲ್ಲಿ ಮಕ್ಕಳಿಗೂ ಬಾಯಿಗೆ ಬರುವ ಅಂಕಿ. ಜೋರ್ಡನ್ ಲೇಕಿನದು 216 ಅಡಿ. ಆ ಬೆಳಿಗ್ಗೆ ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. “ಇದರದು ಎಷ್ಟು?” ಎಂದರು. ನಾನು ಹೇಳಿದ್ದಕ್ಕೆ, “ಬರೀ ಇನ್ನೂರಾ? ಸಮುದ್ರ ಇಲ್ಲೇ ಇರ್ಬೇಕು ಹಂಗಾರೆ,” ಎಂದರು. ಎರಡೂವರೆ ಗಂಟೆ ದಾರಿ ಅಂದೆ.

ಮುದುಕರು ದೋಣಿಯನ್ನು ತೋಡು ಹಳ್ಳಕ್ಕೆ ಸೇರುವ ಜಾಗದಲ್ಲಿ ನಿಲ್ಲಿಸಿದರು. ಆಳ ಹನ್ನೊಂದು ಅಡಿ. ಪರದೆಯಲ್ಲಿ ತಳದಿಂದ ಮೂರ್ನಾಲ್ಕು ಅಡಿ ಮೇಲೆ ಅಕ್ಕಿ ಎರಚಿದ ಹಾಗೆ ಚುಕ್ಕೆಗಳು. ಆಗ ಬೆಳಕು ಹರಿದಿತ್ತು. ದಡದ ಪೈನುಗಳ ನಡುವೆ ಅಲ್ಲೊಂದು ಇಲ್ಲೊಂದು ಡಾಗ್‌ವುಡ್ಡು, ಕತ್ತಲೆಯಲ್ಲಿ ಬಟ್ಟೆ ಒಣಹಾಕಿ ಮರೆತ ಹಾಗೆ ಬಿಳಿ. ನೀರುಕಾಗೆಗಳ ಒಂದು ಸಾಲು ಸೇತುವೆಯ ಕಡೆ ಹೋಯಿತು. ಬೆಳ್ಳಿತಲೆಯ ಹದ್ದು, ಈ ದೇಶದ ನೋಟಿನ ಮೇಲೆ ಕೂತಿರುವುದು, ಒಣಮರದ ತುದಿಯಲ್ಲಿ ನಮ್ಮ ಬಕೆಟ್ಟಿನ ಮೇಲೇ ಕಣ್ಣಿಟ್ಟು ಕೂತಿತ್ತು.

ಗಾಳ ಅಂದರೆ ಇಲ್ಲಿ ಜಿಗ್ಗು. ಒಂದು ಔನ್ಸಿನ ಹದಿನಾರನೇ ಒಂದು ಭಾಗದ ಸೀಸದ ಗುಂಡು, ಅದಕ್ಕೆ ಮುಳ್ಳು, ಮುಳ್ಳಿಗೆ ಬಣ್ಣದ ರಬ್ಬರಿನ ಬಾಲ. ನಮ್ಮ ಕೆರೆಯ ನೀರು ಕಾಫಿಗೆ ಹಾಲು ಕಡಿಮೆಯಾದ ಬಣ್ಣದ್ದು, ಅದಕ್ಕೇ ಗಿಳಿಹಸಿರು, ಕಿತ್ತಳೆ ಹೀಗೆ ಕಣ್ಣಿಗೆ ಹೊಡೆಯುವ ಬಣ್ಣ. ಅದರ ಮೇಲೆ ಬೆಂಡು. ಕ್ರಾಪಿಯ ಕಣ್ಣು ಇರುವುದು ಮೇಲ್ಗಡೆ. ಅದು ತಲೆಯ ಮೇಲಿರುವುದನ್ನು ಎದ್ದು ಬಂದು ತಿನ್ನುತ್ತದೆ, ಕಾಲ ಕೆಳಗಿರುವುದಕ್ಕೆ ಬಗ್ಗುವುದು ಅಪರೂಪ. ಮೀನು ಎಂಟು ಅಡಿಯಲ್ಲಿದ್ದರೆ ಗಾಳ ಏಳಡಿಯಲ್ಲಿರಬೇಕು. ಒಂಬತ್ತಕ್ಕೆ ಇಳಿಸಿದರೆ ಸಂಜೆತನಕ ಕೂರಬಹುದು. ಒಂದೊಂದು ದಿನ ಅರ್ಧ ಅಡಿಯ ವ್ಯತ್ಯಾಸದಲ್ಲಿ ಎಲ್ಲ ಕೆಡುತ್ತದೆ.

ಅಪ್ಪಯ್ಯ ರಬ್ಬರಿನ ಬಾಲವನ್ನು ಮೂಸಿ ನೋಡಿದರು. “ವಾಸನೆಯೇ ಇಲ್ಲ. ಇದನ್ನ ತಿನ್ನೋಕೆ ಅವಕ್ಕೇನು ಹುಚ್ಚಾ? ಎರೆಹುಳ ಇಲ್ವಾ?” ಎರೆಹುಳ ತಂದಿರಲಿಲ್ಲ. ಮುದುಕರು ಬಕೆಟ್ಟಿನಿಂದ ಮಿನ್ನೋ ಅನ್ನುವ ಜೀವಂತ ಸಣ್ಣ ಮೀನೊಂದನ್ನು ತೆಗೆದು, ಅದರ ತುಟಿಗೆ ಮುಳ್ಳು ಚುಚ್ಚಿ ಕೊಟ್ಟರು. ಮೀನಿಗೆ ಮೀನೇ ಆಹಾರ ಅನ್ನುವುದು ಅಪ್ಪಯ್ಯನಿಗೆ ಒಪ್ಪಿಗೆಯಾಯಿತು.

ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಅಪ್ಪಯ್ಯನ ಬೆಂಡು ಒಂದು ವಿಚಿತ್ರ ಮಾಡಿತು. ಮುಳುಗಲಿಲ್ಲ. ನೆಟ್ಟಗೆ ನಿಂತಿದ್ದದ್ದು ನಿಧಾನವಾಗಿ ಓರೆಯಾಗಿ, ನೀರಿನ ಮೇಲೆ ಅಡ್ಡಡ್ಡ ಮಲಗಿತು. ಕ್ರಾಪಿಯ ಕಚ್ಚು ಇದೇ. ಮೇಲಕ್ಕೆ ಎದ್ದು ಗಾಳವನ್ನು ಬಾಯಿಗೆ ಹಾಕಿಕೊಂಡಾಗ ಅದರ ಭಾರ ಬೆಂಡಿನಿಂದ ತಪ್ಪುತ್ತದೆ, ಬೆಂಡು ಸುಸ್ತಾದವರ ಹಾಗೆ ಒರಗುತ್ತದೆ. ಹೊಸಬರು ಬೆಂಡು ಮುಳುಗಲಿ ಅಂತ ಕಾಯುತ್ತ ಕೂರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ ಎಳೆದರು, ಊರಿನ ಎಳೆತ, ಕುಚ್ಚು ಮೀನನ್ನು ದಂಡೆಗೆ ಎಸೆಯುವ ಎಳೆತ. ಖಾಲಿ ಮುಳ್ಳು ಹಾರಿ ಬಂದು ನನ್ನ ಟೋಪಿಗೆ ಸಿಕ್ಕಿಕೊಂಡಿತು. ಮುಳ್ಳಿನಲ್ಲಿ ತೆಳ್ಳನೆಯ ಒಂದು ಚೂರು ತೊಗಲು.

ಈ ಮೀನಿನ ಬಾಯಿ ಕಾಗದ. ಇಂಗ್ಲಿಷಿನಲ್ಲೂ ಹಾಗೇ ಕರೆಯುತ್ತಾರೆ. ಜಗ್ಗಿದರೆ ಹರಿದು ಮೀನು ಹೋಗುತ್ತದೆ. ಎತ್ತಬೇಕು, ಎಳೆಯಬಾರದು. ಮುದುಕರು ತಮ್ಮ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿ ತೋರಿಸಿದರು. ಅಪ್ಪಯ್ಯ ನೋಡಿಕೊಂಡರು. ಎರಡನೆಯದು ಬಂತು.

ಅದನ್ನು ಕೈಯಲ್ಲಿ ಹಿಡಿದು ಅವರು ಬಹಳ ಹೊತ್ತು ನೋಡಿದರು. ತಟ್ಟೆಯ ಹಾಗೆ ಅಗಲ, ಪಕ್ಕಕ್ಕೆ ತಿರುಗಿಸಿದರೆ ಕೈಯಷ್ಟೇ ದಪ್ಪ. ಬೆಳ್ಳಿಯ ಮೈಮೇಲೆ ಶಾಯಿ ಚಿಮುಕಿಸಿದ ಹಾಗೆ ಕಪ್ಪು. ಬೆನ್ನಿನ ಮುಳ್ಳು ಎಣಿಸಿದರೆ ಏಳು. ಏಳೆಂಟು ಇದ್ದರೆ ಕಪ್ಪು ಕ್ರಾಪಿ, ಸಾಮಾನ್ಯವಾಗಿ ಆರಿದ್ದರೆ ಬಿಳಿಯದು. ಬಣ್ಣ ನಂಬುವ ಹಾಗಿಲ್ಲ, ಮೊಟ್ಟೆಯ ಕಾಲದಲ್ಲಿ ಗಂಡು ಮಸಿ ಬಳಿದುಕೊಂಡ ಹಾಗೆ ಕಪ್ಪಾಗುತ್ತದೆ. ಗೂಡು ಮಾಡುವುದೂ ಗಂಡೇ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ನಿಲ್ಲುವುದೂ ಗಂಡೇ. ಮೀನಿನ ಹೆಸರೇನು ಎಂದರು. ಹೇಳಿದೆ. ಬೆನ್ನಿನ ಮೇಲೆ ಎದ್ದು ನಿಂತ ಮುಳ್ಳುಗಳನ್ನು ಅಂಗೈಯಲ್ಲಿ ಹಿಂದಕ್ಕೆ ಸವರಿ, ಮತ್ತೆ ಏಳುವುದನ್ನು ನೋಡಿ, “ಕ್ರಾಪು ಬಿಟ್ಕಂಡದೆ. ಕ್ರಾಪು ಮೀನು,” ಎಂದರು. ನಮ್ಮ ಮನೆಯಲ್ಲಿ ಅವತ್ತಿನಿಂದ ಅದರ ಹೆಸರು ಅದೇ.

ಒಂಬತ್ತು ಗಂಟೆಯ ಹೊತ್ತಿಗೆ ಹದಿನೇಳು ಹಿಡಿದಿದ್ದೆವು. ಇಟ್ಟುಕೊಂಡದ್ದು ಒಂಬತ್ತು. ಈ ಕೆರೆಯಲ್ಲಿ ಹತ್ತು ಇಂಚಿಗಿಂತ ಚಿಕ್ಕದನ್ನು ಬಿಡಬೇಕು, ಒಬ್ಬರು ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದೋಣಿಯ ಅಂಚಿಗೆ ಅಳತೆಪಟ್ಟಿ ಅಂಟಿಸಿದೆ. ಒಂಬತ್ತೂಮುಕ್ಕಾಲು ಇಂಚಿನದೊಂದನ್ನು ಅಪ್ಪಯ್ಯ ಬಾಲ ಎಳೆದು ಹತ್ತು ಮಾಡಲು ನೋಡಿದರು. ಮುದುಕರು ಬಾಟಲಿಗೆ ಉಗುಳಿ, ಬೇರೆ ಕಡೆ ನೋಡುತ್ತ, ಇಲ್ಲ ಅಂತ ತಲೆಯಾಡಿಸಿದರು. ಮೀನು ನೀರಿಗೆ ಹೋಯಿತು.

ಬಿಸಿಲೇರಿ ಕಚ್ಚು ನಿಂತ ಮೇಲೆ ಮುದುಕರು ದೋಣಿಯನ್ನು ಬೇರೊಂದು ಕಡೆಗೆ ತೆಗೆದುಕೊಂಡು ಹೋದರು. ಮೂರು ವರ್ಷದಲ್ಲಿ ನನ್ನನ್ನು ಆ ಕಡೆ ಕರೆದುಕೊಂಡು ಹೋಗಿರಲಿಲ್ಲ. ಅಲ್ಲಿ ನಿಲ್ಲಿಸಿ, ಪರದೆ ತೋರಿಸಿ, ಏನೂ ಹೇಳಲಿಲ್ಲ. ತಳ ಸಮವಾಗಿತ್ತು. ಒಂದು ಕಡೆ ಚೌಕಾಕಾರದ ಉಬ್ಬು, ಮೂಲೆಗಳು ಇನ್ನೂ ಚೂಪು. ಅಪ್ಪಯ್ಯ ಬೆರಳಿಡಲಿಲ್ಲ.

“ಮನೆ ಕೆಸರಗಲ್ಲು,” ಎಂದರು ಮೆಲ್ಲಗೆ. ನಮ್ಮ ಕಡೆ ಅಡಿಪಾಯಕ್ಕೆ ಹಾಗನ್ನುತ್ತಾರೆ.

ಮುದುಕರು ಆಮೇಲೆ ನನಗೆ ಹೇಳಿದ್ದು ಇಷ್ಟು: ಅದು ಸೋದರಮಾವನ ಮನೆ. ನೀರು ಬರುವ ಮೊದಲು ಕೆಡವಿದರು. ಅಜ್ಜನ ಗೋರಿಯನ್ನು ಅಗೆದು ಮೇಲಕ್ಕೆ ಸಾಗಿಸಿದರು. ಈ ಜಾಗದಲ್ಲಿ ಮೀನು ಚೆನ್ನಾಗಿ ಇರುತ್ತದೆ, ಆದರೆ ತಾವು ಇಲ್ಲಿ ಗಾಳ ಹಾಕುವುದಿಲ್ಲ.

ಅಪ್ಪಯ್ಯ ದೋಣಿಯಿಂದ ಬಗ್ಗಿ ನೀರು ಮುಟ್ಟಿದರು. ಪರಾಗ ಬೆರಳಿಗೆ ಹತ್ತಿತು. ಅದನ್ನು ಜಾಕೆಟ್ಟಿಗೆ ಒರೆಸಿಕೊಂಡು ಎಲೆಯಡಿಕೆ ಸಂಚಿ ಬಿಚ್ಚಿದರು. ಒಂದು ಅಡಿಕೆ ಹೋಳನ್ನು ಮುದುಕರ ಕಡೆ ಚಾಚಿದರು. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡು, ಕಡಿಯಲಾಗದೆ, ಉಗುಳಲು ಮುಜುಗರಪಟ್ಟು, ರ‍್ಯಾಂಪು ಬರುವ ತನಕ ದವಡೆಯಲ್ಲೇ ಇಟ್ಟುಕೊಂಡಿದ್ದರು.

ಮನೆಗೆ ಬಂದ ಮೇಲಿನದು ಸಣ್ಣ ಜಗಳ. ಮುದುಕರು ನನಗೆ ಕಲಿಸಿದ ಹಾಗೆ ನಾನು ಫಿಲೆಟ್ ಮಾಡಲು ಕೂತೆ. ಎರಡೂ ಪಕ್ಕದ ಮಾಂಸ ಬಿಡಿಸಿಕೊಂಡು, ಉಳಿದದ್ದನ್ನು ಕಸಕ್ಕೆ. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದರೆ ಈ ಸೀಮೆಯ ಊಟ. ಅಪ್ಪಯ್ಯ ಕಸದ ಬುಟ್ಟಿ ನೋಡಿ ಚಾಕು ಕಿತ್ತುಕೊಂಡರು. “ತಲೆ ಬಿಸಾಡೋದು ಯಾವ ಊರಿನ ನ್ಯಾಯ? ಮೀನು ಅಂದ್ರೆ ತಲೆಯೇ ಅಲ್ದಾ?” ಬುಟ್ಟಿಯಿಂದ ಎರಡು ತಲೆ ವಾಪಸು ಬಂದವು. ಉಳಿದ ಏಳನ್ನು ಅವರೇ ಬೂದಿಯಿಲ್ಲದ ಈ ದೇಶವನ್ನು ಬೈಯುತ್ತ ಕಲ್ಲುಪ್ಪಿನಲ್ಲಿ ತಿಕ್ಕಿ ತೊಳೆದರು. ಊರಿನಿಂದ ತಂದ ವಾಟೆಹುಳಿ ಹಾಕಿ ಸಾರು. ಈ ಮೀನು ಸಾರಿಗೆ ಹೇಳಿ ಮಾಡಿಸಿದ್ದಲ್ಲ, ಸೌಟು ತಾಗಿದರೆ ಒಡೆಯುತ್ತದೆ. ಅವರು ಸೌಟು ಹಾಕಲೇ ಇಲ್ಲ, ಪಾತ್ರೆಯ ಎರಡೂ ಕಿವಿ ಹಿಡಿದು ಅಲುಗಿಸಿದರು. ಮಗಳು ಎರಡು ಸಲ ಹಾಕಿಸಿಕೊಂಡಳು. ಹೆಂಡತಿ ಬಸುರಿ ಮೀನಿನ ಮಾತೆತ್ತಲಿಲ್ಲ. ಒಂದು ಡಬ್ಬಿ ಮೂಲೆಮನೆಗೂ ಹೋಯಿತು. ಡಬ್ಬಿ ತೊಳೆದು ಬಂತು, ಅಭಿಪ್ರಾಯ ಬರಲಿಲ್ಲ. ಹುಳಿ ಹೆಚ್ಚಾಗಿರಬೇಕು.

ಅಪ್ಪಯ್ಯ ಮೇ ಮೊದಲ ವಾರ ಊರಿಗೆ ಹೋದರು. ತಿಂಗಳ ಕೊನೆಗೆ ಫೋನು ಮಾಡಿದಾಗ ಮಾತು ಎಂದಿನಂತೆ ಮಳೆ, ಅಡಿಕೆ ರೇಟು, ತಮ್ಮನ ಮಗನ ಕಾಲೇಜು. ಆಮೇಲೆ, ಏನೋ ನೆನಪಾದವರ ಹಾಗೆ, ಮೊನ್ನೆ ಹೊಳೆಬಾಗಿಲ ಕಡೆ ಹೋಗಿದ್ದೆ ಎಂದರು. ನೀರು ಇಳಿದಿದೆ. ನೀರು ತೀರ ಕೆಳಗೆ ಹೋದ ವರ್ಷ ಮಡೆನೂರಿನ ಹಳೇ ಡ್ಯಾಮು ಮೇಲೆ ಬರುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದು, ಅದರೊಳಗೇ ಮುಳುಗಿದ್ದು. ಅದನ್ನು ನೋಡಲು ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಊರು ಅದಕ್ಕಿಂತ ತಗ್ಗಿನಲ್ಲಿತ್ತು. ಅದು ಎಂದೂ ಮೇಲೆ ಬಂದದ್ದಿಲ್ಲ.

“ಅಲ್ಲೊಬ್ಬ ದೋಣಿಯವನು ಗುರ್ತಿನವನು ಇದಾನೆ,” ಎಂದರು.

ನಾನು ಹ್ಞೂಂ ಅಂದೆ.

“ನಿನ್ನ ಆ ಟಿವಿ ಪೆಟ್ಟಿಗೆ ಇದೆಯಲ್ಲ, ತಳ ತೋರ್ಸೋದು. ಅದನ್ನ ಇಲ್ಲಿಗೆ ತರೋಕಾಗ್ತದಾ? ಬ್ಯಾಟರಿ ಎಷ್ಟೊತ್ತು ಬರ್ತದೆ?”

ಅದು ಮುದುಕರದ್ದು ಅಂತ ಹೇಳಲಿಲ್ಲ. ಬೆಳಿಗ್ಗೆಯಿಂದ ಸಂಜೆತನಕ ಬರುತ್ತದೆ ಎಂದೆ.